ಬಾಗಿಲಿನವಳು

ಸೆಪ್ಟೆಂಬರ್ 8, ಸೋಮವಾರ

ಇವತ್ತು ನಾನು ಇಡೀ ಹಾಸ್ಟೆಲನ್ನು ಸಾಯಿಸಿದೆ. ಇದು ನನ್ನ ಮಾತಲ್ಲ, ವಾರ್ಡನ್ ಮೇಡಂ ಎಲ್ಲರೆದುರು ಅಂದಿದ್ದು. "ನೋಡಿಕೊಳ್ಳಿ, ಇವಳ ದೆಸೆಯಿಂದ ನೀವೆಲ್ಲ ಈಗ ಬೂದಿ." ಸೀನಿಯರುಗಳು ಬಿದ್ದು ಬಿದ್ದು ನಕ್ಕರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಆದರೆ ನಾವು ಆಗಲೇ ನೆಲದ ಕೆಳಗೇ ಇದ್ದೆವು.

ಹೋದ ತಿಂಗಳು ಗಡಿಯಾಚೆಯವರು ಅಣುಬಾಂಬು ಸಿಡಿಸಿ ನೋಡಿದರು, ವಾರ ಕಳೆಯುವುದರೊಳಗೆ ನಾವೂ ಸಿಡಿಸಿದೆವು. ಅಂದಿನಿಂದ ಶಾಲೆ, ಕಾರ್ಖಾನೆ, ಹಾಸ್ಟೆಲು ಎಲ್ಲ ಕಡೆ ಅಡಗುವ ಅಭ್ಯಾಸ. ನಮ್ಮದು ಮೆಸ್ಸಿನ ಕೆಳಗಿನ ನೆಲಮಾಳಿಗೆ. ಹಳೆಯ ಮಂಚ, ಕೆಟ್ಟ ಫ್ಯಾನುಗಳನ್ನೆಲ್ಲ ಒಂದು ಮೂಲೆಗೆ ಒತ್ತಿ, ಹೊಸ ಕಬ್ಬಿಣದ ಬಾಗಿಲು ಹಾಕಿಸಿದ್ದಾರೆ. ಮೊದಲ ಸೈರನ್‌ಗೆ ಎಲ್ಲರೂ ಇಳಿಯಬೇಕು. ಎರಡನೆಯದು ನಿಂತ ಕೂಡಲೇ ಬಾಗಿಲು ಹಾಕಿ ಅಡ್ಡಪಟ್ಟಿ ಇಳಿಸಬೇಕು. ಆಮೇಲೆ ಉದ್ದನೆಯ ಸೀಟಿ ಕೇಳುವವರೆಗೆ ಯಾರು ಬಂದರೂ ತೆಗೆಯುವಂತಿಲ್ಲ. ಈ ಕೆಲಸ ಫಸ್ಟ್ ಇಯರಿನವರಿಗೆ. ಚೀಟಿ ಎತ್ತಿದಾಗ, ನನ್ನ ಹಣೆಬರಹ, ನನಗೇ ಬಂತು.

ತೆಗೆಯುತ್ತೇವೋ ಇಲ್ಲವೋ ಎಂದು ನೋಡಲು ಮೇಡಂ ಒಂದು ಪರೀಕ್ಷೆ ಇಟ್ಟಿದ್ದಾರೆ. ತಾವೇ ಹೊರಗೆ ಉಳಿದು ಬಾಗಿಲು ಬಡಿಯುತ್ತಾರೆ. ಅಳುತ್ತಾರೆ. ಹುಡುಗಿಯರ ದನಿ ಮಾಡುತ್ತಾರೆ. "ಕಾಲು ಉಳುಕಿದೆ ಕಣೇ, ತೆಗಿಯೇ, ನಿನ್ನ ದಮ್ಮಯ್ಯ" ಅಂದರು. ನಿಜವಾಗಿಯೂ ಯಾರದೋ ಕಾಲು ಉಳುಕಿದೆ ಅನ್ನಿಸಿ ನಾನು ಪಟ್ಟಿ ಎತ್ತಿಬಿಟ್ಟೆ. ಮೇಡಂ ಹೊಸ್ತಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ನಾನೀಗ ವಿಕಿರಣ. ಒಳಗೆ ಬಂದೆ" ಎಂದರು.

ರೂಮಿಗೆ ಬಂದು ದಿಂಬಿಗೆ ಮುಖ ಒತ್ತಿಕೊಂಡೆ. ರೂಮ್‌ಮೇಟ್ ಏಣಿ ನನ್ನ ಮಂಚದ ಮೇಲೆ ಕೂತು, "ಬಿಡೇ ಉಸ್ಸಮ್ಮ, ಸತ್ತಿದ್ದಕ್ಕೆ ನಂಗೇನೂ ಬೇಜಾರಿಲ್ಲ. ನಾಳೆ ಮ್ಯಾಥ್ಸ್ ಟೆಸ್ಟ್ ತಪ್ಪಿತಲ್ಲ" ಅಂದಳು. ಅಳುವವಳು ನಕ್ಕುಬಿಟ್ಟೆ.

ಸೆಪ್ಟೆಂಬರ್ 11, ಗುರುವಾರ

ಏಣಿ ಅವಳ ನಿಜವಾದ ಹೆಸರಲ್ಲ. ಅಷ್ಟು ಉದ್ದ ಇರುವುದಕ್ಕೆ ಆ ಹೆಸರು. ಕಾರಿಡಾರಿನ ಬಲ್ಬು ಬದಲಿಸುವುದಕ್ಕೂ ಅವಳನ್ನೇ ಕರೆಯುತ್ತಾರೆ, ಅವಳು ಬೇಸರ ಮಾಡಿಕೊಳ್ಳದೆ ಹೋಗುತ್ತಾಳೆ. ನನಗೆ ಉಬ್ಬಸ. ಟೆನ್ಷನ್ ಆದಾಗಲೆಲ್ಲ ಉಸ್ಸ್ ಎಂದು ಔಷಧಿಯ ಪಂಪು ಬಾಯಿಗಿಟ್ಟು ಎಳೆಯುವುದಕ್ಕೆ ಉಸ್ಸಮ್ಮ ಎಂದು ಅವಳೇ ಹೆಸರಿಟ್ಟಳು, ಬೇರೆಯವರು ಹೆಸರಿಡುವ ಮೊದಲು ತಾನೇ ಒಂದು ಒಳ್ಳೆಯದನ್ನು ಇಟ್ಟುಬಿಡುತ್ತೇನೆ ಎಂದು.

ಮೂರನೇ ಕ್ಲಾಸಿನಿಂದ ನಾನು ಹಾಸ್ಟೆಲು. ಅಪ್ಪ ಅಮ್ಮ ಇಬ್ಬರಿಗೂ ಊರೂರು ಸುತ್ತುವ ಕೆಲಸ. ಕಬ್ಬಿಣದ ಮಂಚ, ಕಬ್ಬಿಣದ ಕಪಾಟು, ಗಂಟೆ ಹೊಡೆದರೆ ಊಟ. ರೂಮ್‌ಮೇಟುಗಳು ಎಷ್ಟೋ ಜನ ಬಂದರು, ಹೋದರು. ಫ್ರೆಂಡ್ ಅನ್ನಬಹುದಾದವಳು ಇವಳೇ ಮೊದಲು. ಇದನ್ನು ಅವಳ ಮುಂದೆ ಹೇಳಿದರೆ ಒಂದು ವಾರ ಆಡಿಕೊಳ್ಳುತ್ತಾಳೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವಳ ಅಮ್ಮ ಹುಟ್ಟಿದ್ದು ಗಡಿಯಾಚೆ. ಅಜ್ಜಿ ಈಗಲೂ ಅಲ್ಲೇ. ಮೊದಲೆಲ್ಲ ಭಾನುವಾರ ಅಜ್ಜಿ ಫೋನ್ ಮಾಡಿದರೆ ಕಾರಿಡಾರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದಳು. ಈಗ ಕಿಟಕಿ ಮುಚ್ಚಿ, ಪಿಸುಗುಡುತ್ತಾಳೆ. "ಅಜ್ಜಿ ಏನಂದ್ರು?" ಎಂದು ಕೇಳಿದೆ. "ಅಲ್ಲೂ ಡ್ರಿಲ್ ಅಂತೆ. ಮೆಟ್ಟಿಲು ಇಳಿಯೋಕಾಗಲ್ಲ, ಅದಕ್ಕೇ ಮೇಲೇ ಕೂತು ಚಹಾ ಕುಡೀತಾಳಂತೆ" ಅಂದಳು.

ಫಿಸಿಕ್ಸ್ ಕ್ಲಾಸಿನಲ್ಲಿ ಯಾರೋ, "ಸರ್, ಇದೆಲ್ಲ ಮೊದಲು ಶುರು ಮಾಡಿದ್ದು ಅವರೇ ಅಲ್ವಾ?" ಎಂದರು. ಸರ್ ಬೋರ್ಡು ಒರೆಸುತ್ತ, "ನಮ್ಮ ಪುಸ್ತಕದಲ್ಲಿ ಅವರು, ಅವರ ಪುಸ್ತಕದಲ್ಲಿ ನಾವು. ಬಾಂಬಿಗೆ ಓದೋಕೆ ಬರಲ್ಲ ಕಣಮ್ಮ" ಎಂದರು. ನಮ್ಮ ನೆಲಮಾಳಿಗೆಯ ಬಾಗಿಲು ಅಣುಬಾಂಬು ತಡೆಯುತ್ತದೆಯೇ ಎಂದು ನಾನು ಕೇಳಿದೆ. ಸರ್ ಡಸ್ಟರ್ ಕೆಳಗಿಟ್ಟರು. "ನೀನಾ ಬಾಗಿಲಿನವಳು? ಬಾಗಿಲು ತಡೆಯುತ್ತೆ ಅಂತಲೇ ಇಟ್ಕೋ. ಆಮೇಲೆ ತೆಗೆದಾಗ ಹೊರಗೆ ಏನಿರುತ್ತೆ ಅನ್ನೋದನ್ನ ಯಾರೂ ಕೇಳಲ್ಲ, ನೋಡು."



ಸೆಪ್ಟೆಂಬರ್ 15, ಸೋಮವಾರ

ಪಾಸಾದೆ!

ಉಪಾಯ ಹೇಳಿಕೊಟ್ಟವಳು ಏಣಿ. "ಕಿವಿ ಮುಚ್ಕೋಬೇಡ, ಅದರಿಂದ ಹೆದರಿಕೆ ಜಾಸ್ತಿ. ಹೊರಗಡೆ ಇರೋದು ಮೇಡಂ ಅಂತ ಹೇಳ್ಕೋತಾ ಇರು. ಯಾರ ದನಿ ಕೇಳಿದ್ರೂ ಅದು ಮೇಡಂ, ಅಷ್ಟೆ." ಮೇಡಂ ಇವತ್ತು ಏನು ಬಿಟ್ಟರು! ನನ್ನ ಅಮ್ಮನ ದನಿಯನ್ನೂ ಮಾಡಿದರು, ಕೊನೆಗೆ ಏಣಿಯದನ್ನೂ. ಒಳಗೆ ಪಕ್ಕದಲ್ಲೇ ಕೂತಿದ್ದ ಏಣಿ, "ಥೂ, ನಾನು ಹೀಗಾ ಅಳೋದು?" ಎಂದು ಪಿಸುಗುಟ್ಟಿದಳು. ನಾನು ಪಟ್ಟಿ ಎತ್ತಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಸ್ಟೆಲ್ ಸೆಕ್ರೆಟರಿ, ನಾವೆಲ್ಲ ದೊಡ್ಡಕ್ಕ ಎಂದು ಕರೆಯುವ ಫೈನಲ್ ಇಯರಿನವಳು, ಮೊದಲ ಸಲ ನನ್ನ ಬೆನ್ನು ತಟ್ಟಿದಳು.

ಸೆಪ್ಟೆಂಬರ್ 19, ಶುಕ್ರವಾರ

ರೇಡಿಯೋ ತುಂಬ ಒಂದೇ ಮಾತು. ನಾವು ಮೊದಲು ಹಾಕುವುದಿಲ್ಲ, ಆದರೆ ಅವರು ಹಾಕುತ್ತಾರೆ ಎಂದು ಗೊತ್ತಾದರೆ ಅವರಿಗಿಂತ ಮೊದಲು ಹಾಕುತ್ತೇವೆ. ಇದು ಮೊದಲು ಅಲ್ಲದಿದ್ದರೆ ಮತ್ತೇನು ಎಂದು ಯೋಚಿಸುತ್ತ ಉಸಿರು ಕಟ್ಟಿತು. ಏಣಿ ಪಂಪು ತಂದು ಬಾಯಿಗಿಟ್ಟಳು. ಬೆನ್ನು ನೀವಿದಳು. ರೇಡಿಯೋ ಆಫ್ ಮಾಡಿ, "ಇನ್ನು ಇದನ್ನ ಆನ್ ಮಾಡಿದವರಿಗೆ ಒದೆ" ಎಂದಳು.

ಸೆಪ್ಟೆಂಬರ್ 23, ಮಂಗಳವಾರ

ಎಲ್ಲಿಂದ ಶುರು ಮಾಡಲಿ?

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಸೈರನ್ ಹೊಡೆಯಿತು. ಅಭ್ಯಾಸವೆಂದರೆ ಮೇಡಂ ಮೊದಲೇ ಹೇಳಿರುತ್ತಾರೆ. ಇವತ್ತು ಮೇಡಂ ಚಪ್ಪಲಿಯೂ ಇಲ್ಲದೆ, ಎಂಜಲು ಕೈಯಲ್ಲೇ ನಮ್ಮ ಜೊತೆ ಓಡಿ ಬಂದರು. ಆಗಲೇ ಎಲ್ಲರಿಗೂ ಗೊತ್ತಾಯಿತು, ಇದು ನಿಜ ಎಂದು.

ಕೆಳಗೆ ಇಳಿದೊಡನೆ ನನ್ನ ಎದೆ ಕಟ್ಟಿತು. ಪಂಪು ಮೇಲೆ ರೂಮಿನಲ್ಲಿ. ನಾನು ಏಣಿಯ ಮೊಣಕೈ ಹಿಡಿದೆ. "ಪಂಪು" ಅಂದೆ. "ದಿಂಬಿನ ಕೆಳಗೆ, ಪಂಪು" ಎಂದು ಇನ್ನೊಂದು ಸಲ ಅಂದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಎರಡನೇದು ಹೊಡೆಯೋಷ್ಟರಲ್ಲಿ ಬಂದೆ. ಬಾಗಿಲು ನಿನ್ನ ಕೈಲೇ ಇದ್ಯಲ್ಲ, ಮತ್ತೇನು" ಎಂದು ಮೆಟ್ಟಿಲು ಹಾರಿಕೊಂಡು ಹೋದಳು.

ಎರಡನೆಯದು ಹೊಡೆಯಿತು. ನಿಂತಿತು. ಹಿಂದಿನಿಂದ ಯಾರೋ "ಹಾಕೇ!" ಎಂದು ಕಿರುಚಿದರು. ಹಾಕಿದೆ. ಪಟ್ಟಿ ಇಳಿಸಿದೆ.

ಅಷ್ಟರಲ್ಲೇ ಮೆಟ್ಟಿಲ ಮೇಲೆ ಹೆಜ್ಜೆ. ಬಡಿತ. "ಉಸ್ಸಮ್ಮ, ನಾನು ಕಣೇ. ತೆಗಿ." ಮೇಡಂ ನನ್ನ ಹಿಂದೆ ಹಳೆಯ ಮಂಚದ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಹೊರಗಿರುವುದು ಮೇಡಂ ಅಲ್ಲ ಎಂದು ನನಗೆ ಗೊತ್ತಿತ್ತು. ತೆಗೆಯಬೇಡ ಎಂದು ಯಾರೂ ಹೇಳಲಿಲ್ಲ. ತೆಗೆ ಎಂದೂ ಯಾರೂ ಹೇಳಲಿಲ್ಲ. ಎರಡು ಕೈಯಲ್ಲೂ ಪಟ್ಟಿಯನ್ನು ಒತ್ತಿ ಹಿಡಿದೆ. ಅವಳು ಇನ್ನೂ ಎಷ್ಟೋ ಸಲ ಕರೆದಳು. ಆಮೇಲೆ ಕರೆಯುವುದನ್ನು ನಿಲ್ಲಿಸಿದಳು. ಅದು ಇನ್ನೂ ಕಷ್ಟವಾಯಿತು.

ಏನೂ ಬೀಳಲಿಲ್ಲ. ಸೀಟಿ ಆಯಿತು. ಬಾಗಿಲು ತೆಗೆದರೆ ಅವಳು ಕೊನೆಯ ಮೆಟ್ಟಿಲ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಎದ್ದು ಪಂಪು ನನ್ನ ಕೈಗೆ ಕೊಟ್ಟಳು. "ಎಳ್ಕೋ ಮೊದಲು" ಎಂದಳು. ನನ್ನ ಉಸಿರು ಆಗಲೇ ಸರಿಯಾಗಿತ್ತು. ಆದರೂ ಎಳೆದುಕೊಂಡೆ.

ಅವಳೀಗ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ನನಗೆ ಗೊತ್ತು. ನಾಳೆ ಎದ್ದ ಕೂಡಲೇ ಹೇಳುತ್ತೇನೆ. ಹೆದರಿಬಿಟ್ಟೆ ಕಣೇ, ನೀನು ಅಂತ ಗೊತ್ತಿದ್ದೂ ತೆಗೆಯಲಿಲ್ಲ, ಕ್ಷಮಿಸು. ಇಷ್ಟೇ. ಇದರಲ್ಲಿ ಕಷ್ಟ ಏನಿದೆ?

ಸೆಪ್ಟೆಂಬರ್ 24, ಬುಧವಾರ

ನಾನು ಏಳುವಷ್ಟರಲ್ಲಿ ಅವಳು ಕ್ಲಾಸಿಗೆ ಹೋಗಿದ್ದಳು.

ಸೈರನ್ ಸುಳ್ಳಂತೆ. ಆಚೆಯವರ ವಿಮಾನಗಳು ಗಡಿ ಹತ್ತಿರ ಬಂದಿದ್ದರಿಂದ ಹಾಗಾಯಿತು ಎಂದು ನಮ್ಮವರು. ನಮ್ಮ ವಿಮಾನಗಳು ಎದ್ದಿದ್ದರಿಂದ ತಮ್ಮವು ಏಳಬೇಕಾಯಿತು ಎಂದು ಅವರು. ಅವರೂ ನಿನ್ನೆ ಒಂದು ಗಂಟೆ ನೆಲದ ಕೆಳಗೆ ಕೂತಿದ್ದರಂತೆ. ಏಣಿಯ ಅಜ್ಜಿ ಮಾತ್ರ ಮೇಲೆ ಕೂತಿರಬೇಕು.

ಸಂಜೆ ಹೇಳೋಣ ಎಂದುಕೊಂಡೆ. ಪಕ್ಕದ ರೂಮಿನವರು ಬಂದು ಕೂತರು.

ಸೆಪ್ಟೆಂಬರ್ 26, ಶುಕ್ರವಾರ

ಮೆಸ್ಸಿನಲ್ಲಿ ಗುಸುಗುಸು. ಅಷ್ಟು ಜನರೂ ಕೆಳಗಿದ್ದಾಗ ಏಣಿಯೊಬ್ಬಳೇ ಮೇಲೆ ಹೋಗಿದ್ದೇಕೆ? ದೊಡ್ಡಕ್ಕ ಚಮಚ ಅಲ್ಲಾಡಿಸುತ್ತ ಹೇಳಿದಳು: "ನಮ್ಮ ಟೆರೇಸಿಂದ ಸೈನ್ಯದ ಟವರ್ ಕಾಣುತ್ತೆ, ಗೊತ್ತಾ? ಅಜ್ಜಿ ಬೇರೆ ಆ ಕಡೆ. ನಾನೇನೂ ಹೇಳ್ತಿಲ್ಲಪ್ಪ, ಯೋಚನೆ ಮಾಡಿ ಅಂತಿದೀನಿ ಅಷ್ಟೆ."

ಅವಳು ಟೆರೇಸಿಗೆ ಹೋಗಲಿಲ್ಲ, ರೂಮಿಗೆ ಹೋದಳು, ನನ್ನ ಪಂಪಿಗೆ. ಇದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾತು ಪರೀಕ್ಷೆ ಮುಂದೆ ಹಾಕುವ ವಿಷಯಕ್ಕೆ ಹೋಯಿತು.

ರೂಮಿನಲ್ಲಿ ಏಣಿ ನೇರವಾಗಿ ಕೇಳಿದಳು. "ಬಾಗಿಲು ತೆಗೀಲಿಲ್ಲ ಅಂತ ನಾನೇನಾದ್ರೂ ಅಂದ್ನಾ? ಇಲ್ಲ ತಾನೆ? ರೂಲು ಅದು. ಆದ್ರೆ ಪಂಪಿಗೆ ಹೋಗಿದ್ಲು ಅಂತ ಒಂದು ಮಾತು ಹೇಳಬಹುದಲ್ವಾ? ಹುಡುಗೀರು ಬಾತ್‌ರೂಮ್ ಕ್ಯೂನಲ್ಲೂ ನನ್ನಿಂದ ದೂರ ನಿಲ್ತಿದಾರೆ ಕಣೇ."

"ಹೇಳ್ತೀನಿ" ಎಂದೆ. ಹೇಳುತ್ತೇನೆ. ಸರಿಯಾದ ಸಮಯ ನೋಡಿ.

ಸೆಪ್ಟೆಂಬರ್ 29, ಸೋಮವಾರ

ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ: ಶನಿವಾರ ವಿಚಾರಣೆ. ಸೈರನ್ ಹೊಡೆದ ಮೇಲೆ ಅಡಗುತಾಣ ಬಿಟ್ಟು ಹೋದವಳ ಮೇಲೆ. ತಪ್ಪು ಸಾಬೀತಾದರೆ ಹಾಸ್ಟೆಲೂ ಇಲ್ಲ, ಕಾಲೇಜೂ ಇಲ್ಲ. ಸಾಕ್ಷಿ ಹೇಳಬೇಕಾದವಳು ನಾನು.

ದೊಡ್ಡಕ್ಕ ನನ್ನನ್ನು ತನ್ನ ರೂಮಿಗೆ ಕರೆದು ಬಿಸ್ಕತ್ತು ಕೊಟ್ಟಳು. ಫಸ್ಟ್ ಇಯರಿನವರನ್ನು ಅವಳು ಒಳಗೆ ಕರೆಯುವುದೇ ಇಲ್ಲ. "ನೀನು ಕಳಿಸಿದ್ದು ಅಂತಾದ್ರೆ ನಿನ್ನನ್ನೂ ಅವಳ ಜೊತೆ ಸೇರಿಸ್ತಾರೆ ಪುಟ್ಟಿ. ಒಂದು ಸಲ ಅವರ ಕಡೆಯವಳು ಅಂತ ಹೆಸರು ಬಂದ್ರೆ ತೊಳೆದ್ರೂ ಹೋಗಲ್ಲ. ಸುಮ್ನೆ ನೆನಪು ಮಾಡ್ಕೋ, ನೀನು ಹೋಗು ಅಂದ್ಯಾ?"

ಅದೇ ಯೋಚಿಸುತ್ತಿದ್ದೇನೆ. ಹೋಗು ಎಂದು ನಾನು ಹೇಳಿಲ್ಲ. ಪಂಪು ಅಂದೆ. ಪಂಪು ಅನ್ನುವುದು ಬೇರೆ, ಹೋಗು ಅನ್ನುವುದು ಬೇರೆ. ಉಸಿರು ಕಟ್ಟಿದವರು ಏನೇನೋ ಅನ್ನುತ್ತಾರೆ. ಹೋಗುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು. ರೂಲು ಅವಳಿಗೂ ಗೊತ್ತಿತ್ತು.

ಹಾಸ್ಟೆಲಿನಲ್ಲಿ ಬೆಳೆದವರಿಗೆ ಇಷ್ಟಂತೂ ತಿಳಿದಿರುತ್ತದೆ: ಯಾರ ಹೆಸರನ್ನು ಕೂಗುತ್ತಾರೋ ಅವರ ಪಕ್ಕ ನಿಂತಿರಬಾರದು.

ಅಕ್ಟೋಬರ್ 1, ಬುಧವಾರ

ಅವಳು ಕಿಟಕಿಗೆ ಅಡ್ಡ ನಿಂತರೆ ರೂಮಿಗೆ ಬೆಳಕೇ ಇಲ್ಲ. ಸ್ವಲ್ಪ ಸರಿ ಎಂದು ಹೇಳಬೇಕಾಯಿತು. ಸರಿದಳು. ಆಗಾಗ ನನ್ನನ್ನೇ ನೋಡುತ್ತಾಳೆ. ಹೀಗೆ ನೋಡುವುದು ಒಂದು ತರಹದ ಒತ್ತಡವಲ್ಲವೇ? ನಾನು ಓದಬೇಡವೇ?

ಅಕ್ಟೋಬರ್ 4, ಶನಿವಾರ

ಪ್ರಿನ್ಸಿಪಾಲರ ಕೋಣೆ. ಉದ್ದನೆಯ ಮೇಜಿನ ಆಚೆ ಪ್ರಿನ್ಸಿಪಾಲರು, ವಾರ್ಡನ್ ಮೇಡಂ, ಫಿಸಿಕ್ಸ್ ಸರ್. ಏಣಿ ಗೋಡೆ ಪಕ್ಕದ ಕುರ್ಚಿಯಲ್ಲಿ, ತನ್ನ ಉದ್ದ ಕಾಲುಗಳನ್ನು ಹೇಗಿಡಬೇಕೆಂದು ತಿಳಿಯದೆ.

ಫಿಸಿಕ್ಸ್ ಸರ್ ಮೆಲ್ಲಗೆ ಕೇಳಿದರು. "ಅವಳು ನಿನ್ನ ಔಷಧಿಗೆ ಹೋದೆ ಅಂತಾಳೆ. ನೀನು ಕೇಳಿದ್ದೆಯಾ?"

"ನಾನು ಕಳಿಸಲಿಲ್ಲ ಸರ್."

"ಕಳಿಸಿದೆಯಾ ಅಂತ ಕೇಳಲಿಲ್ಲ. ಕೇಳಿದ್ದೆಯಾ?"

"ತುಂಬ ಗಲಾಟೆ ಇತ್ತು ಸರ್. ನೆನಪಿಲ್ಲ."

"ಬಾಗಿಲು ಬಡಿದಾಗ ಅವಳ ದನಿ ಗೊತ್ತಾಗಲಿಲ್ವಾ?"

"ಮೇಡಂ ಪರೀಕ್ಷೆ ಮಾಡ್ತಿದಾರೆ ಅಂದ್ಕೊಂಡೆ ಸರ್. ಹಿಂದಿನ ಸಲ ಅವಳ ದನಿಯನ್ನೇ ಮಾಡಿದ್ರು."

ಸರ್ ಮೇಡಂ ಕಡೆ ತಿರುಗಿದರು. ಮೇಡಂ ಬಳೆ ಸರಿಮಾಡಿಕೊಂಡರು. "ಹೌದು, ತರಬೇತಿ ಹಾಗೇ ಕೊಟ್ಟಿದ್ದು" ಎಂದರು. ಆ ದಿನ ತಾವು ಎಲ್ಲಿ ಕೂತಿದ್ದರೆಂದು ಅವರು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಏಣಿ ನನ್ನ ಹೆಸರು ಹಿಡಿದು ಕರೆದಳು. ಉಸ್ಸಮ್ಮ ಅಲ್ಲ, ನಿಜವಾದ ಹೆಸರು. "ಎರಡು ಸಲ ಅಂದ್ಯಲ್ಲೇ" ಎಂದಳು. ಪ್ರಿನ್ಸಿಪಾಲರು ಸಾಕ್ಷಿಯ ಜೊತೆ ಮಾತಾಡಬಾರದು ಎಂದು ಗದರಿದರು.

ನನಗೆ ಭಯವಾಗುತ್ತದೆ ಎಂದುಕೊಂಡಿದ್ದೆ. ಒಂದು ಸಲವೂ ಉಸಿರು ಕಟ್ಟಲಿಲ್ಲ.

ಅಕ್ಟೋಬರ್ 7, ಮಂಗಳವಾರ

ಏಣಿಯನ್ನು ಕಾಲೇಜಿನಿಂದ ತೆಗೆದುಹಾಕಿದರು. ಕರೆದುಕೊಂಡು ಹೋಗಲು ಅವಳ ಅಪ್ಪ ಬಂದಿದ್ದರು. ಅವಳಷ್ಟೇ ಉದ್ದ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದರು. "ನೀನೇನಮ್ಮ ಇವಳ ಫ್ರೆಂಡು? ಫೋನಲ್ಲಿ ಯಾವಾಗಲೂ ನಿನ್ನ ಮಾತೇ" ಎಂದರು. ನನ್ನ ಸಾಕ್ಷಿಯ ವಿಷಯ ಅವಳು ಅವರಿಗೆ ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೋ. ನನಗೆ ಮುಜುಗರ ಮಾಡಬೇಕೆಂದೇ ಇರಬೇಕು.

ಅಪ್ಪ ಪೆಟ್ಟಿಗೆ ಇಳಿಸಲು ಹೋದಾಗ ಅವಳು ಹಾಸಿಗೆ ಸುತ್ತುತ್ತ ಕೇಳಿದಳು. "ಈಗ ಯಾರೂ ಇಲ್ಲ. ಈಗಲಾದ್ರೂ ಹೇಳು."

"ಏನು ಹೇಳ್ಲಿ? ಬಾಗಿಲು ಬಿಟ್ಟು ಮೊದಲು ಹೋದವಳು ನೀನು."

ಅವಳು ಹಗ್ಗ ಕಟ್ಟುವುದನ್ನು ನಿಲ್ಲಿಸಿದಳು. ಆಮೇಲೆ ಕಟ್ಟಿದಳು. ಹೋಗುವಾಗ ಕಾರಿಡಾರಿನಲ್ಲಿ ಯಾರೂ ಹೊರಗೆ ಬರಲಿಲ್ಲ. ಕಿಟಕಿಯಿಂದ ನೋಡಿದೆ. ಗೇಟಿನ ಹತ್ತಿರ ಅವಳ ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು. ಅವಳು ಅಷ್ಟು ಗಿಡ್ಡಗೆ ಕಂಡಿದ್ದು ಅದೇ ಮೊದಲು.

ರೂಮು ದೊಡ್ಡದಾಗಿದೆ. ಬೆಳಕೂ ಚೆನ್ನಾಗಿದೆ.

ಅಕ್ಟೋಬರ್ 13, ಸೋಮವಾರ

ಅಸೆಂಬ್ಲಿಯಲ್ಲಿ ನನ್ನಿಂದ ಭಾಷಣ ಮಾಡಿಸಿದರು. ಶಿಸ್ತು ಎಂಬ ವಿಷಯ. ನಾವು ಯಾರ ತಂಟೆಗೂ ಹೋದವರಲ್ಲ, ನಮ್ಮನ್ನು ಈ ಸ್ಥಿತಿಗೆ ತಂದವರು ಅವರು, ಬಾಗಿಲು ಮುಚ್ಚುವ ಅನಿವಾರ್ಯತೆಯನ್ನು ನಮ್ಮ ಮೇಲೆ ಹೇರಿದವರು ಅವರು ಎಂದು ಹೇಳಿದೆ. ಚೂರೂ ತೊದಲಲಿಲ್ಲ. ದೊಡ್ಡಕ್ಕ ಮುಂದಿನ ವರ್ಷದ ಸೆಕ್ರೆಟರಿ ಇವಳೇ ಎಂದಳು. ಫಿಸಿಕ್ಸ್ ಸರ್ ಮಧ್ಯದಲ್ಲೇ ಎದ್ದು ಹೋದರು. ಅವರಿಗೆ ಮೊದಲಿನಿಂದಲೂ ಆ ಕಡೆಯವರ ಮೇಲೆ ಸ್ವಲ್ಪ ಒಲವು.

ಅಮ್ಮ ಫೋನ್ ಮಾಡಿದ್ದಳು. "ನಿನ್ನ ದನಿ ಯಾಕೋ ಬೇರೆ ಥರ ಇದೆಯಲ್ಲೇ. ಶೀತಾನಾ?" ಎಂದಳು. "ಇಲ್ಲಮ್ಮ, ಈಗ ಟೆನ್ಷನ್ ಮಾಡ್ಕೊಳ್ಳಲ್ಲ ನಾನು" ಎಂದೆ. ಯಾಕೋ ಅವಳಿಗೆ ಸಂತೋಷವಾದಂತೆ ಕಾಣಲಿಲ್ಲ.

ಅಕ್ಟೋಬರ್ 25, ಶನಿವಾರ

ಎರಡೂ ದೇಶದವರು ಎಲ್ಲೋ ಕೂತು ಮಾತಾಡಿ ಸದ್ಯಕ್ಕೆ ಬಾಂಬುಗಳನ್ನು ಒಳಗಿಟ್ಟಿದ್ದಾರಂತೆ. ತಪ್ಪು ತಮ್ಮದೆಂದು ಮಾತ್ರ ಇಬ್ಬರೂ ಒಪ್ಪಿಕೊಂಡಿಲ್ಲ. ನಮ್ಮವರು ಬಿಟ್ಟುಕೊಡದಿದ್ದದ್ದು ಒಳ್ಳೆಯದಾಯಿತು.

ಬೆಳಿಗ್ಗೆ ಹಾಸ್ಟೆಲ್ ಫೋನಿಗೆ ಏಣಿಯ ಕರೆ ಬಂತು. ಅವಳಿಗೆ ಇನ್ನೂ ಯಾವ ಕಾಲೇಜಿನಲ್ಲೂ ಸೀಟು ಕೊಟ್ಟಿಲ್ಲವಂತೆ. ಅದಕ್ಕೆ ಫೋನ್ ಮಾಡಿದ್ದಲ್ಲ ಎಂದಳು. ದನಿ ತುಂಬ ಸಣ್ಣಗಿತ್ತು.

"ಒಂದೇ ಒಂದು ಕೇಳ್ತೀನಿ. ಯಾರಿಗೂ ಹೇಳಲ್ಲ, ಅಪ್ಪನಾಣೆ. ಯಾರಿಗೆ ಹೇಳಿ ಏನಾಗ್ಬೇಕು ಈಗ. ನೀನು ಅವತ್ತು ಪಂಪು ಅಂದೆ ತಾನೆ? ನನಗೆ ಹಾಗೇ ನೆನಪು. ಆದ್ರೆ ಎಲ್ಲರೂ ಇಲ್ಲ ಇಲ್ಲ ಅಂತ ಹೇಳಿ ಹೇಳಿ, ಈಗ ನನಗೇ ಗೊತ್ತಾಗ್ತಿಲ್ಲ ಕಣೇ. ನಾನು ಸುಮ್ಮನೆ ಯಾಕೆ ಮೇಲೆ ಹೋದೆ? ನನಗೆ ತಲೆ ಕೆಟ್ಟಿದೆಯಾ? ಹೌದು ಅಂತ ಒಂದು ಸಲ ಹೇಳಿಬಿಡು, ಸಾಕು. ನಿದ್ದೆ ಬರುತ್ತೆ."

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಬಾಗಿಲು ನೆನಪಿಗೆ ಬಂತು. ಪಟ್ಟಿಯ ತಣ್ಣನೆಯ ಸ್ಪರ್ಶ ನೆನಪಿಗೆ ಬಂತು. ಹೊರಗೆ ಮೇಡಂ ಬಡಿಯುತ್ತಿದ್ದುದೂ ನೆನಪಿಗೆ ಬಂತು. ನಾನು ಬಾಯಿಬಿಟ್ಟು ಏನಾದರೂ ಕೇಳಿದ್ದು ಮಾತ್ರ ಎಷ್ಟು ಯೋಚಿಸಿದರೂ ಬರಲಿಲ್ಲ.

"ಇಲ್ಲ ಕಣೇ. ನೀನಾಗೇ ಹೋದೆ" ಎಂದೆ.



"ಹಾಗಾದ್ರೆ ನಾನೇ ಹೋಗಿರಬೇಕು" ಎಂದಳು. "ನಿನ್ನನ್ನ ಸುಮ್ಮನೆ ತಪ್ಪು ತಿಳ್ಕೊಂಡೆ. ಇಷ್ಟು ದಿನ ಮನಸ್ಸಲ್ಲೇ ಎಷ್ಟು ಬೈದೆ ಗೊತ್ತಾ ನಿನ್ನ? ಸಾರಿ, ಉಸ್ಸಮ್ಮ."

ಕೊನೆಗೂ ಅವಳ ಬಾಯಿಂದ ಆ ಮಾತು ಬಂತು. ನನಗೆ ಕೋಪವೇನೂ ಇರಲಿಲ್ಲ. "ಪರವಾಗಿಲ್ಲ ಬಿಡು, ಯಾರಿಂದಲಾದರೂ ತಪ್ಪಾಗುತ್ತೆ" ಎಂದೆ. ಅವಳು ಅಳತೊಡಗಿದಳು. ಹಿಂದೆ ಇಬ್ಬರು ಫೋನಿಗೆ ಕಾಯುತ್ತಿದ್ದರೂ, ಅವಳ ಅಳು ನಿಲ್ಲುವವರೆಗೆ ಸಮಾಧಾನ ಮಾಡಿಯೇ ರಿಸೀವರ್ ಇಟ್ಟೆ.